ಸ್ಕ್ಯಾನರ್ ಬಾಯಲ್ಲಿ ಮಾರಕ್ಕಜ್ಜಿ

ಯಂತ್ರಗಳನ್ನು ಕಂಡರೆ ನನಗೆ ಭಯವಿಲ್ಲ. ನನ್ನನ್ನು ಕಂಡರೆ ಯಂತ್ರಗಳಿಗೇ ಭಯ ಎಂದು ನಾನು ಬಹಳ ವರ್ಷ ನಂಬಿಕೊಂಡು ಬಂದಿದ್ದೆ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಇನ್‌ಚಾರ್ಜ್. ಎಷ್ಟು ದೂರದ ದೇಶದಿಂದ ಎಷ್ಟೇ ದೊಡ್ಡ ಯಂತ್ರ ಬರಲಿ, ಕಾಂತರಾಜು ಎಂಬ ಈ ಮಹಾಶಯನ ಸಹಿ ಬೀಳದೆ ಅದು ಗೇಟು ದಾಟುವಂತಿಲ್ಲ. ಡಬ್ಬದೊಳಗೆ ಏನಿದೆಯೆಂದು ನಾನು ಒಂದು ದಿನವೂ ತೆರೆದು ನೋಡಿದವನಲ್ಲ ಎಂಬುದು ಬೇರೆ ಮಾತು.

ಇಂಥ ಯಂತ್ರವಿಶಾರದನು ಈ ಸಲದ ವಿಜಯದಶಮಿಯ ಊಟಕ್ಕೆ ಹೆಂಡತಿಯ ತವರಾದ ಆವತಿಗೆ ಹೋಗಿದ್ದನು. ಒಬ್ಬಟ್ಟಿನ ಮೇಲೆ ತುಪ್ಪ, ತುಪ್ಪದ ಮೇಲೆ ಇನ್ನೊಂದು ಒಬ್ಬಟ್ಟು. ಹೊಟ್ಟೆ ತುಂಬಿದ ಮೇಲೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ನಡುಮನೆಯಲ್ಲಿ ಕುಳಿತಿದ್ದಾಗ ಎದೆಯುಬ್ಬಿಸಿ ಘೋಷಿಸಿಬಿಟ್ಟೆ.

“ಮಾವ, ಈ ಮನೇಲಿರೋ ಹಳೇ ಫೋಟೋನೆಲ್ಲ ನಾನು ಸ್ಕ್ಯಾನ್ ಮಾಡಿ ಕಂಪ್ಯೂಟರ್‌ಗೆ ಹಾಕ್ಕೊಡ್ತೀನಿ. ಆಮೇಲೆ ಗೆದ್ದಲು ಮುಟ್ಟಲ್ಲ, ಇಲಿ ಕಡಿಯಲ್ಲ. ನಿಮ್ಮ ಮರಿಮಕ್ಕಳ ಕಾಲಕ್ಕೂ ಹಿಂಗೇ ಇರ್ತವೆ.”

ನನ್ನ ಮಾವ ಆದಿನಾರಾಯಣಪ್ಪನವರು ದ್ರಾಕ್ಷಿ ಬೆಳೆಯುವವರು. ದ್ರಾಕ್ಷಿಯ ಸಿಹಿ ಮಾತ್ರ ತೋಟದಲ್ಲೇ ಉಳಿದುಬಿಟ್ಟಿದೆ, ಮಾತಿಗೆ ಬಂದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಒಮ್ಮೆ ಕೆಮ್ಮಿದರೆ ನಾನು ಕುರ್ಚಿಯಿಂದ ಅರ್ಧ ಏಳುತ್ತೇನೆ. ಅವರು ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಹಳೆಯ ಸೀರೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಗಂಟಿನೊಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪುಬಿಳುಪು ಫೋಟೋ ಇತ್ತು.

ಅದು ಅವರ ಮದುವೆಯ ದಿನದ ಫೋಟೋ. ನಡುವೆ ಬಾಸಿಂಗ ಕಟ್ಟಿಕೊಂಡ ಮಾವ, ಪಕ್ಕದಲ್ಲಿ ನೆಲ ನೋಡುತ್ತಿರುವ ಅತ್ತೆ ಮುನಿವೆಂಕಟಮ್ಮ, ಆಚೆ ಈಚೆ ನೆಂಟರು. ಸಾಲಿನ ಕಟ್ಟಕಡೆಯಲ್ಲಿ, ಎಲ್ಲರ ಕಿವಿಯ ಎತ್ತರಕ್ಕೂ ಬಾರದ ಒಬ್ಬ ಪುಟ್ಟ ಹೆಂಗಸು ಸೆರಗು ಬಿಗಿಹಿಡಿದು ನಿಂತಿದ್ದಳು. ಖಾಲಿ ಹಣೆ, ಹೆದರಿದ ಕಣ್ಣು.

“ನಮ್ಮವ್ವ ಮಾರಕ್ಕ” ಎಂದರು ಮಾವ. “ಗಂಡ ಇಲ್ದೋಳು ಶುಭಕಾರ್ಯದಲ್ಲಿ ಮುಂದೆ ಬರಬಾರ್ದು ಅಂತ ದೊಡ್ಡೋರೆಲ್ಲ ಹಿತ್ತಲಲ್ಲಿ ಕೂರಿಸಿದ್ರು. ಫೋಟೋ ತೆಗೆಯೋ ಹೊತ್ತಿಗೆ ನಾನೇ ಹೋಗಿ ಕೈ ಹಿಡ್ಕೊಂಡು ಎಳ್ಕೊಂಬಂದೆ. ಅವ್ವ ಇರೋದು ಇದೊಂದ್ರಲ್ಲೇ. ಬೇರೆ ಇಲ್ಲ.”

“ಇದನ್ನೇ ಮೊದಲು ಮಾಡ್ತೀನಿ ಮಾವ.”

“ಬರೋ ಭಾನುವಾರ ನಾನೇ ಬಂದು ಇಸ್ಕೊಂಡು ಹೋಗ್ತೀನಿ. ಜೋಪಾನ.”

ಆ ‘ಜೋಪಾನ’ ಎಂಬ ಪದವನ್ನು ಅವರು ಹೇಳಿದ ರೀತಿಗೆ ನಾನು ಫೋಟೋವನ್ನು ತಕ್ಷಣ ಹೆಂಡತಿಯ ಕೈಗೆ ದಾಟಿಸಿದೆ. ಕಾರಿನಲ್ಲಿ ಬರುವಾಗ ನನ್ನ ಹೆಂಡತಿ ಭಾನುಪ್ರಿಯಾ ಫೋಟೋವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

“ರೀ, ಈ ಫೋಟೋನ ಅಪ್ಪ ನಮಗೂ ಮುಟ್ಟಕ್ಕೆ ಬಿಟ್ಟಿಲ್ಲ. ಹುಷಾರು.”

“ಭಾನು, ನಿನ್ನ ಗಂಡ ಯಾರು ಅಂತ ಮರ್ತುಬಿಟ್ಯಾ?”

“ಮರೀದೆ ಇರೋದಕ್ಕೇ ಹೇಳ್ತಿದೀನಿ.”

ಈಗ ನನ್ನ ಸ್ಕ್ಯಾನರ್ ಬಗ್ಗೆ ಎರಡು ಮಾತು. ನೋಡಲು ಒಂದು ಬ್ರೆಡ್ಡಿನಷ್ಟು ದೊಡ್ಡದು, ಬಿಳಿ ಬಣ್ಣ. ಮುಂದೆ ಸೀಳಿದಂಥ ಒಂದು ಬಾಯಿ. ಫೋಟೋವನ್ನು ಆ ಬಾಯಿಗೆ ತಗುಲಿಸಿದರೆ ಸಾಕು, ಚೀಂಯ್ ಎಂದು ಒಳಗೆಳೆದುಕೊಂಡು ಹಿಂದಿನಿಂದ ಹೊರಗೆ ಬಿಡುತ್ತದೆ, ಚಿತ್ರ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಆನ್‌ಲೈನಿನಲ್ಲಿ ತರಿಸಿದ ದಿನದಿಂದ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದುದರಿಂದ ಭಾನು ಅದಕ್ಕೆ ‘ನಿಮ್ಮ ಬಿಳಿ ಆನೆ’ ಎಂದು ನಾಮಕರಣ ಮಾಡಿದ್ದಳು.

ಆದರೆ ನನಗೆ ಅದರ ಮೇಲೆ ಅಭಿಮಾನ ಕಡಿಮೆಯಾಗಿರಲಿಲ್ಲ. ಹಿಂದಿನ ದಿನದ ಆಯುಧಪೂಜೆಯಲ್ಲಿ ಅದನ್ನೂ ಕೆಳಗಿಳಿಸಿ ಕಾರು, ಬೈಕು, ಮಿಕ್ಸಿ, ವಾಷಿಂಗ್ ಮಿಷಿನ್ನುಗಳಿಗೆ ಸಮನಾಗಿ ಗೌರವ ಸಲ್ಲಿಸಿದ್ದೆ. ಮೇಲೆ ಮೇಲೆ ಒಂದು ಬೊಟ್ಟಿಟ್ಟು ಕೈ ತೊಳೆದುಕೊಳ್ಳುವುದು ಸೋಮಾರಿಗಳ ಪೂಜೆ. ನಮ್ಮ ಮನೆಯಲ್ಲಿ ಪೂಜೆ ನನ್ನ ಕೈಯಲ್ಲೇ ಆಗಬೇಕು, ಒಂದು ಯಂತ್ರವೂ ‘ನನಗೆ ಕಡಿಮೆಯಾಯಿತು’ ಎನ್ನಬಾರದು. ನಾನು ವಿಜ್ಞಾನ ನಂಬುವ ಮನುಷ್ಯನೇ. ಪೂಜೆ ಬೇರೆ, ಮೂಢನಂಬಿಕೆ ಬೇರೆ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ.

ಊಟದ ಮರುದಿನ, ಸೋಮವಾರ, ಆಫೀಸಿನಿಂದ ಬಂದವನೇ ಕಾಫಿ ಕುಡಿದು ಕಾರ್ಯಾರಂಭ ಮಾಡಿದೆ. ಫೋಟೋವನ್ನು ಅಡ್ಡಡ್ಡ ಹಿಡಿದು ಬಾಯಿಗಿಟ್ಟೆ. ಚೀಂಯ್ ಎಂದಿತು. ಹಿಂದಿನಿಂದ ಫೋಟೋ ಕ್ಷೇಮವಾಗಿ ಹೊರಬಂತು. “ನೋಡು ಬಾ ಭಾನು, ನಿಮ್ಮಜ್ಜಿ ಕಂಪ್ಯೂಟರ್ ಯುಗಕ್ಕೆ ಬಂದ್ರು” ಎಂದು ಕೂಗಿದೆ. ಅವಳು ಸೌಟು ಹಿಡಿದೇ ಬಂದು ಪರದೆ ನೋಡಿದಳು. ಆಮೇಲೆ ಸೌಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಚಿತ್ರದ ಈ ತುದಿಯಿಂದ ಆ ತುದಿಯವರೆಗೆ ಒಂದು ಕೆಂಪು ಗೆರೆ. ಕಪ್ಪುಬಿಳುಪು ಫೋಟೋದಲ್ಲಿ ರಕ್ತಗೆಂಪು ಗೆರೆ! ಅದು ಬಿದ್ದಿದ್ದ ಜಾಗವಾದರೂ ಎಂಥದು? ಸಾಲಾಗಿ ನಿಂತವರೆಲ್ಲರ ಕತ್ತಿನ ಮೇಲೆ, ಅಳೆದು ಎಳೆದ ಹಾಗೆ. ಮಾವನ ಕತ್ತು, ಅತ್ತೆಯ ಕತ್ತು, ಮಾವನ ತಮ್ಮ ಸೊಣ್ಣಪ್ಪನವರ ಕತ್ತು, ಒಬ್ಬರನ್ನೂ ಬಿಟ್ಟಿರಲಿಲ್ಲ. ಗಿಡ್ಡಗಿದ್ದ ಮಾರಕ್ಕಜ್ಜಿಗೆ ಮಾತ್ರ ಗೆರೆ ಹಣೆಯ ಮೇಲೆ ಹಾದಿತ್ತು.

“ಏನ್ರೀ ಇದು?”

“ಏನಿಲ್ಲ. ತಾಂತ್ರಿಕ ದೋಷ.”

“ಅಪ್ಪ ಅಮ್ಮ ಚಿಕ್ಕಪ್ಪ ಎಲ್ಲ ಬದುಕಿರೋರು. ಅವರ ಕತ್ತಿನ ಮೇಲೇ ಬರಬೇಕಿತ್ತಾ ನಿಮ್ಮ ತಾಂತ್ರಿಕ ದೋಷ?”

ನಾನು ನಕ್ಕೆ. ಫೋಟೋವನ್ನು ತಿರುಗಿಸಿ ನೋಡಿದೆ, ಅದರ ಮೇಲೆ ಒಂದಿಷ್ಟು ಕೆಂಪು ಧೂಳು ಬಿಟ್ಟರೆ ಏನೂ ಇರಲಿಲ್ಲ. ಹಳೇ ಸೀರೆಯ ಬಣ್ಣವಿರಬೇಕೆಂದು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ಅಷ್ಟರಲ್ಲಿ ಭಾನುವಿನ ಫೋನು ಬಡಿದುಕೊಂಡಿತು. ಅವಳ ಅಮ್ಮ. ಮಾತಾಡುತ್ತಾ ಆಡುತ್ತಾ ಭಾನುವಿನ ಮುಖ ಬಿಳಿಚಿಕೊಂಡಿತು.

“ಸೊಣ್ಣಪ್ಪ ಚಿಕ್ಕಪ್ಪನಿಗೆ ಕತ್ತು ಹಿಡ್ಕೊಂಡಿದೆಯಂತೆ ರೀ. ಈ ಕಡೆ ಆ ಕಡೆ ತಿರುಗಿಸಕ್ಕೇ ಆಗ್ತಿಲ್ವಂತೆ.”

ಓದುಗ ಮಹಾಶಯರೇ, ನಾನು ವಿಜ್ಞಾನ ನಂಬುವವನು ಎಂದು ಆಗಲೇ ಹೇಳಿದ್ದೇನೆ. ಆದರೂ ಆ ಕ್ಷಣದಲ್ಲಿ ನನ್ನ ಕೈ ತನ್ನಷ್ಟಕ್ಕೆ ತಾನೇ ನನ್ನ ಕತ್ತನ್ನು ಮುಟ್ಟಿ ನೋಡಿಕೊಂಡಿತು. ನನ್ನ ಕಾಲುಗಳು ದೇವರ ಮನೆಯ ಕಡೆ ಎರಡು ಹೆಜ್ಜೆ ಇಟ್ಟವು. ಆ ಕಾಲುಗಳು ಯಾರ ಅಪ್ಪಣೆ ಕೇಳಿದವೋ ನನಗೆ ಗೊತ್ತಿಲ್ಲ.

“ಕಾಕತಾಳೀಯ” ಎಂದೆ.

“ಅತ್ತ ಕಾಗೆ ಕೂತಿದ್ದಕ್ಕೂ ಇತ್ತ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಇಲ್ಲ ಅಂತೀರಾ? ಇರ್ಲಿ. ಅಮ್ಮನ ಗಂಟಲೂ ಕಟ್ಟಿದೆ.”

ಆ ರಾತ್ರಿ ನಾನು ಊಟ ಸೇರದೆ ಎದ್ದೆ. ಮನೆಯವರಲ್ಲಿ ಉಳಿದಿರುವುದು ಇನ್ನು ಒಬ್ಬರ ಕತ್ತು, ಅದು ಮಾವನದು. ಅವರಿಗೆ ಏನಾದರೂ ಆದರೆ ಎಂಬುದು ಒಂದು ಭಯ. ಏನೂ ಆಗದೆ ಭಾನುವಾರ ನೆಟ್ಟಗೆ ನಡೆದುಕೊಂಡು ಬಂದು ಈ ಗೆರೆಯನ್ನು ನೋಡಿದರೆ ಎಂಬುದು ಅದಕ್ಕಿಂತ ದೊಡ್ಡ ಭಯ.

ಮರುದಿನದಿಂದ ದುರಸ್ತಿಪರ್ವ ಶುರುವಾಯಿತು. ಆರಿಸಿ ಹಚ್ಚಿದೆ, ಹಚ್ಚಿ ಆರಿಸಿದೆ. ವೈರು ಬದಲಾಯಿಸಿದೆ. ಅಂತರ್ಜಾಲದಿಂದ ಹೊಸ ಡ್ರೈವರ್ ಇಳಿಸಿಕೊಂಡೆ. ಒಬ್ಬ ಹಿಂದಿಯವನು ವಿಡಿಯೋದಲ್ಲಿ ಹೇಳಿದಂತೆ ಸ್ಕ್ಯಾನರನ್ನು ಬೋರಲು ಹಾಕಿ ಬೆನ್ನು ತಟ್ಟಿದೆ. ಪ್ರಯೋಗಕ್ಕೆ ನನ್ನ ಸ್ವಂತ ಫೋಟೋ ಹಾಕೋಣವೆಂದುಕೊಂಡೆನಾದರೂ, ಯಾಕೆ ಸುಮ್ಮನೆ ಎಂದು ಕೈಬಿಟ್ಟೆ. ಹಳೆಯ ಕರೆಂಟ್ ಬಿಲ್ ಹಾಕಿದೆ. ಅದರ ಮೇಲೂ ಕೆಂಪು ಗೆರೆ ಬಂತು.

ಆ ವಾರ ನನ್ನ ಗ್ರಹಚಾರವೇ ಸರಿಯಿರಲಿಲ್ಲ. ಅತ್ತ ಸ್ಕ್ಯಾನರ್ ಹೀಗಾದರೆ, ಇತ್ತ ನನ್ನ ಬಿಳಿ ಬನಿಯನ್ನುಗಳೆಲ್ಲ ಒಗೆದು ಬಂದಾಗ ನಸುಗುಲಾಬಿಯಾಗಿದ್ದವು. ಹೆದರಿದ ಗಂಡಸಿಗೆ ರೇಗಾಡಲು ಒಂದು ನೆಪ ಬೇಕು. ರೇಗಾಡಿದೆ.

“ಕೆಂಪು ಸೀರೆ ಜೊತೆ ಹಾಕಿದ್ದೀಯ. ಒಂದು ಮಿಷಿನ್ನು ನೆಟ್ಟಗೆ ಬಳಸೋಕೆ ಬರಲ್ವಾ ನಿಂಗೆ?”

“ನನ್ನ ಕೆಂಪು ಸೀರೆ ಬೀರುವಿನಿಂದ ಈಚೆಗೇ ಬಂದಿಲ್ಲ.”

“ಹಾಗಾದ್ರೆ ಸೋಪಿನ ಪುಡಿ ಸರಿಯಿಲ್ಲ. ಒಟ್ನಲ್ಲಿ ತಪ್ಪು ನಿನ್ನದೇ.”

ಭಾನು ನನ್ನನ್ನು ಸುಮ್ಮನೆ ನೋಡಿ ಒಳಗೆ ಹೋದಳು. ಆ ನೋಟದ ಅರ್ಥ ‘ವಿಚಾರಣೆ ಮುಂದೂಡಲಾಗಿದೆ’ ಎಂದು ನನಗೆ ಆಗ ಹೊಳೆಯಲಿಲ್ಲ.

ಬುಧವಾರ ನನಗೊಂದು ಮಹತ್ತರವಾದ ಉಪಾಯ ಬಂತು. ಸ್ಕ್ಯಾನರಿನ ಹೊಟ್ಟೆಯೊಳಗೆ ಕೊಳೆ ಸೇರಿರಬೇಕು, ಕೊಳೆಗೆ ಔಷಧ ಸ್ಯಾನಿಟೈಸರ್. ಕೊರೋನಾ ಕಾಲದಲ್ಲಿ ಕೊಂಡಿದ್ದ ಬಾಟಲಿ ಇನ್ನೂ ಮುಗಿದಿರಲಿಲ್ಲ. ದನಕ್ಕೆ ಔಷಧ ಕುಡಿಸುವವರಂತೆ ಸ್ಕ್ಯಾನರಿನ ಮೂತಿ ಎತ್ತಿ, ಬಾಯಿಗೆ ಪಿಚಕ್ ಪಿಚಕ್ ಎಂದು ಹೊಡೆದೆ. ಅದು ಒಮ್ಮೆ ಗೊರ್ ಎಂದಿತು. ಗುಣವಾಗುತ್ತಿರುವ ಲಕ್ಷಣ ಎಂದುಕೊಂಡು ಮಾವನ ಫೋಟೋವನ್ನು ಮತ್ತೆ ಬಾಯಿಗಿಟ್ಟೆ.

ಚೀಂಯ್ ಎಂದಿತು. ಮಾವ ಒಳಗೆ ಹೋದರು, ಅತ್ತೆ ಹೋದರು, ಸೊಣ್ಣಪ್ಪನವರೂ ಹೋದರು. ಇನ್ನೇನು ಮಾರಕ್ಕಜ್ಜಿಯ ಸರದಿ ಎನ್ನುವಾಗ ‘ಕಟಕ್’ ಎಂದು ಸದ್ದಾಗಿ ಎಲ್ಲ ನಿಂತುಹೋಯಿತು. ಫೋಟೋ ಹಿಂದಿನಿಂದಲೂ ಬರಲಿಲ್ಲ, ಮುಂದಿನಿಂದಲೂ ಬರಲಿಲ್ಲ. ಬಾಯಿಯ ಅಂಚಿನಲ್ಲಿ ಫೋಟೋದ ಬಿಳಿ ಅಂಚೊಂದು ಮಾತ್ರ ಕೂದಲೆಳೆಯಷ್ಟು ಕಾಣುತ್ತಿತ್ತು. ಅದನ್ನು ಉಗುರಿನಲ್ಲಿ ಹಿಡಿದು ಎಳೆಯಲು ಹೋದೆ. ಎಲ್ಲೋ ಹರಿದಂತೆ ಸಣ್ಣ ಸದ್ದಾಯಿತು, ಕೈ ಬಿಟ್ಟೆ.

ಗುರುವಾರ ಆಫೀಸಿನಲ್ಲಿ ನನ್ನ ಸಹೋದ್ಯೋಗಿ ಜಯಕುಮಾರನ ಮುಂದೆ ಕಷ್ಟ ತೋಡಿಕೊಂಡೆ. ಅವನಿಗೆ ಯಾವ ಸಮಸ್ಯೆಗೂ ಒಂದೇ ಪರಿಹಾರ.

“ಬಿಸಾಕು ಗುರು ಅದನ್ನ. ಈಗ ಹೊಸ ಮಾಡೆಲ್ ಬಂದವೆ. ಆರ್ಡರ್ ಹಾಕಿದ್ರೆ ನಾಳೆ ಬೆಳಗ್ಗೆ ಮನೆ ಬಾಗಿಲಿಗೆ ತಂದಿಡ್ತಾರೆ.”

“ಹೌದಲ್ವಾ? ಹಳೇದಕ್ಕೆ ಯಾಕೆ ಹೆಣಗಾಡೋದು?”

ಹೊಸದರ ಬಣ್ಣ ಯಾವುದಿರಬೇಕೆಂದು ಯೋಚಿಸುತ್ತಾ ಹಗುರಾಗಿ ಮನೆಗೆ ಬಂದು, ನನ್ನ ನಿರ್ಧಾರವನ್ನು ಹೆಂಡತಿಗೆ ತಿಳಿಸಿದೆ.

“ಬದಲಾಯಿಸಿ” ಎಂದಳು ಭಾನು. “ಆದ್ರೆ ಹಳೇದನ್ನ ಬಿಸಾಕೋಕೆ ಮುಂಚೆ ಅದರೊಳಗಿರೋ ನಮ್ಮಜ್ಜೀನ ಈಚೆಗೆ ತೆಗೀರಿ.”

ಸ್ಕ್ಯಾನರಿಗೆ ಬದಲಿ ಸಿಗುತ್ತದೆ, ಮಾರಕ್ಕಜ್ಜಿಗೆ ಎಲ್ಲಿಂದ ತರಲಿ? ಶುಕ್ರವಾರ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು, ಹಳೇ ಬಸ್ ನಿಲ್ದಾಣದ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಒಳಗೆ ಗಲಗಲ ಅಂತೈತಲ್ಲ ಸಾರ್. ಗೇರ್ ಪುಡಿಯಾಗೈತೆ. ಈ ಮಾಲಿಗೆ ಪಾರ್ಟ್ಸ್ ಸಿಗಲ್ಲ, ಹೊಸದೇ ತಗೊಳ್ಳಿ.”

“ಹೊಸದು ತಗೊತೀನಪ್ಪಾ. ಒಳಗಿರೋ ಫೋಟೋ ಒಂದು ತೆಕ್ಕೊಡು.”

“ಕೊಯ್ಯಬೇಕಾಗ್ತದೆ. ಫೋಟೋಗೆ ಗ್ಯಾರಂಟಿ ಇಲ್ಲ.”

ಅವನು ಬ್ಲೇಡು ಹುಡುಕಲು ತಿರುಗಿದ್ದೇ ತಡ, ನಾನು ಟವೆಲ್ಲು ಸಮೇತ ಅಂಗಡಿಯಿಂದ ಓಟ ಕಿತ್ತೆ. ಹಿಂದಿನಿಂದ “ಸಾರ್, ಸಾರ್” ಎಂದು ಕೂಗುತ್ತಿದ್ದ. ನಾನು ತಿರುಗಿಯೂ ನೋಡಲಿಲ್ಲ.

ಶನಿವಾರವಿಡೀ ನಾನು ಸುಳ್ಳುಗಳನ್ನು ಹೊಲಿಯುತ್ತಾ ಕಳೆದೆ. ಫೋಟೋ ಬೆಂಗಳೂರಿನ ದೊಡ್ಡ ಲ್ಯಾಬಿಗೆ ಹೋಗಿದೆ ಎನ್ನಲೇ? ಜ್ವರ ಬಂದಿದೆ ಎಂದು ಹೊದ್ದು ಮಲಗಲೇ? ಮಾಕಳಿದುರ್ಗಕ್ಕೆ ಚಾರಣಕ್ಕೆ ಹೋಗಿ ಮೇಲೆಯೇ ಉಳಿದುಬಿಡಲೇ?

“ಅಪ್ಪ ಎಷ್ಟು ದಿನವಾದ್ರೂ ಕೆಳಗೆ ಕಾಯ್ತಾರೆ” ಎಂದಳು ಭಾನು. “ನಿಜ ಹೇಳಿಬಿಡಿ.”

“ನೀನೇ ಹೇಳು. ನಿಮ್ಮಪ್ಪ ಅಲ್ವಾ?”

“ಘೋಷಣೆ ಮಾಡಿದ್ದು ನಾನಾ?” ಎಂದಳು. ಆಮೇಲೆ ಬೇರೆಯೇ ದನಿಯಲ್ಲಿ, “ಚಿಕ್ಕವಳಿದ್ದಾಗ ನಾನು ಅಜ್ಜಿ ಮುಖ ನೋಡಿದ್ದು ಆ ಫೋಟೋದಲ್ಲೇ ರೀ. ಪ್ರತಿ ಹಬ್ಬದ ದಿನ ಟ್ರಂಕಿಂದ ತೆಗೆದು ಅಪ್ಪ ಒಬ್ರೇ ನೋಡ್ತಾ ಕೂತಿರೋರು” ಎಂದಳು. ಅವಳ ಕಣ್ಣು ತುಂಬಿತ್ತು. ಅದುವರೆಗೆ ನನಗಿದ್ದದ್ದು ಬರೀ ಹೆದರಿಕೆ. ಈಗ ಅದರ ಜೊತೆಗೆ ಸಂಕಟವೂ ಸೇರಿಕೊಂಡಿತು.

ಭಾನುವಾರ ಬೆಳಗ್ಗೆ ಭಾನುವಿನ ಹೇರ್‌ಪಿನ್ನು, ನನ್ನ ಮೂಗಿನ ಕೂದಲಿನ ಚಿಮುಟ, ದೋಸೆ ಮಗುಚುವ ಕೈ ಇವನ್ನೆಲ್ಲ ಹರಡಿಕೊಂಡು ಊಟದ ಮೇಜಿನ ಮುಂದೆ ಕೊನೆಯ ಯುದ್ಧಕ್ಕೆ ಕುಳಿತಿದ್ದೆ. ಗೇಟಿನ ಹತ್ತಿರ ಕೆಮ್ಮು ಕೇಳಿಸಿತು.

ಆ ಕೆಮ್ಮು! ನಾನು ಕುರ್ಚಿಯಿಂದ ಅರ್ಧವಲ್ಲ, ಪೂರ್ತಿ ಎದ್ದೆ. ಸ್ಕ್ಯಾನರನ್ನು ಬಾಚಿ ಎದೆಗವುಚಿಕೊಂಡು ಮಲಗುವ ಕೋಣೆಯ ಕಡೆ ನೆಗೆದೆ. ಅದರ ವೈರು ಮೇಜಿನ ಕಾಲಿಗೆ ಸುತ್ತಿಕೊಂಡಿತ್ತು, ವೈರಿಗೆ ನನ್ನ ಕಾಲು ಸುತ್ತಿಕೊಂಡಿತು. ಬಾಗಿಲಲ್ಲಿ ಚಕ್ಕೋತದ ಚೀಲ ಹಿಡಿದು ಮಾವ ಒಳಗೆ ಕಾಲಿಡುವುದಕ್ಕೂ, ನಾನು ಅವರ ಪಾದದ ಬಳಿ ಸಾಷ್ಟಾಂಗ ಬೀಳುವುದಕ್ಕೂ ಸರಿಹೋಯಿತು.

“ಇರ್ಲಿ ಏಳಪ್ಪಾ, ಹಬ್ಬದಲ್ಲೇ ನಮಸ್ಕಾರ ಮಾಡಿದ್ಯಲ್ಲ” ಎಂದರು ಮಾವ.

ಸ್ಕ್ಯಾನರ್ ನನ್ನ ಕೈಯಿಂದ ಹಾರಿ ನೆಲಕ್ಕೆ ಬಡಿದು, ಮೊಸಳೆಯಂತೆ ಬಾಯಿ ಪೂರ್ತಿ ತೆರೆದುಕೊಂಡು ಬಿದ್ದಿತ್ತು. ಅದರ ಮೇಲ್ಭಾಗ ಮುಚ್ಚಳದಂತೆ ತೆರೆಯುತ್ತದೆಂದು ನನಗೆ ಗೊತ್ತಾದದ್ದೇ ಆಗ. ಒಳಗಿನಿಂದ ನೆಲದ ಮೇಲೆ ಚೆಲ್ಲಿದ್ದವು: ಅಕ್ಷತೆಯ ಕಾಳುಗಳು, ಒಣಗಿದ ಚೆಂಡುಹೂವಿನ ಎಸಳುಗಳು, ನೆನೆದು ಗಟ್ಟಿಯಾದ ಕುಂಕುಮದ ಒಂದು ಸಣ್ಣ ಮುದ್ದೆ. ಅವೆಲ್ಲದರ ನಡುವೆ, ಅಂಚಿನಲ್ಲಿ ಒಂದಿಷ್ಟು ಹರಿದು, ಮಾವನ ಫೋಟೋ.

ಭಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಷತೆಯನ್ನೂ ನನ್ನನ್ನೂ ನೋಡಿದಳು.

“ರೀ, ಆಯುಧಪೂಜೆ ದಿನ ಇದರ ಬಾಯೊಳಗೆ ಹಾಕಿದ್ರಾ?”

“ಬಾಯಿಗೇ ಕೊಟ್ರೆ ಶ್ರೇಷ್ಠ ಅಂತ…”

ಮಾವ ಬಗ್ಗಿ ಫೋಟೋ ಎತ್ತಿಕೊಂಡರು. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಆಮೇಲೆ ಕಿಟಕಿಯ ಬೆಳಕಿಗೆ ಹೋದರು. ನಾನು ನೆಲದಿಂದಲೇ ಕತ್ತು ಚಾಚಿ ನೋಡಿದೆ. ನೋಡಿ ನನ್ನ ಪ್ರಾಣ ಹಾರಿಹೋಯಿತು. ಸ್ಯಾನಿಟೈಸರಿನಲ್ಲಿ ನೆನೆದ ಕುಂಕುಮ ಮೆತ್ತಿಕೊಂಡ ಒಂದು ಅಕ್ಷತೆಕಾಳು ಬುಧವಾರದಿಂದ ಒತ್ತಿಕೊಂಡಿದ್ದ ಜಾಗದಲ್ಲಿ, ಸಾಲಿನ ಕೊನೆಯಲ್ಲಿ, ಮಾರಕ್ಕಜ್ಜಿಯ ಹಣೆಯ ನಟ್ಟನಡುವೆ, ಕೆಂಪಗೆ ಒಂದು ಬೊಟ್ಟು ಅಚ್ಚಾಗಿಬಿಟ್ಟಿತ್ತು.

“ಅಳಿಯಂದ್ರೆ, ಇದೇನಿದು?”

“ಮಾವ, ತಪ್ಪಾಯ್ತು. ಹೊಸ ಮಿಷಿನ್ನೇ ತರ್ತೀನಿ. ಅಂಚನ್ನ ಅಂಟಿಸ್ತೀನಿ. ಈ ಬೊಟ್ಟನ್ನ ಈಗಲೇ ಒರೆಸ್ತೀನಿ, ಕೊಡಿ” ಎಂದು ಕೈ ಚಾಚಿದೆ.

“ಮುಟ್ಟಬೇಡ.”

ಮಾವ ಬಹಳ ಹೊತ್ತು ಫೋಟೋ ನೋಡುತ್ತಾ ನಿಂತಿದ್ದರು. ಕೊನೆಗೆ ಮಾತಾಡಿದಾಗ ಅವರ ದನಿ ನನಗೆ ಪರಿಚಯವೇ ಆಗಲಿಲ್ಲ.

“ಅವತ್ತು ಮಂಟಪದಲ್ಲಿ ತಟ್ಟೆ ತುಂಬಾ ಕುಂಕುಮ ಇತ್ತು. ಬಂದೋರಿಗೆಲ್ಲ ಇಟ್ರು. ಅವ್ವನಿಗೆ ಒಬ್ರೂ ಇಡ್ಲಿಲ್ಲ. ಎಳ್ಕೊಂಬಂದು ನಿಲ್ಸೋ ಧೈರ್ಯ ಮಾಡ್ದೆ, ಒಂದು ಬೊಟ್ಟು ಇಡೋಕೆ ನನಗೂ ಧೈರ್ಯ ಸಾಲ್ಲಿಲ್ಲ. ನಾಲ್ಕು ಜನ ಏನಂತಾರೋ ಅಂತ ಹೆದ್ರುಕೊಂಡ್ಬಿಟ್ಟೆ.” ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. “ನಿನ್ನ ಮಿಷಿನ್ನು ಹೆದ್ರುಕೊಳ್ಲಿಲ್ಲ ನೋಡು.”

ಭಾನು ಬಂದು ಅಪ್ಪನ ಪಕ್ಕ ನಿಂತು ಅವರ ತೋಳು ಹಿಡಿದುಕೊಂಡಳು. ನಾನು ನೆಲದ ಮೇಲೆ ಚೆಲ್ಲಿದ್ದ ಅಕ್ಷತೆಯನ್ನು ಒಂದೊಂದಾಗಿ ಆರಿಸತೊಡಗಿದೆ.

ಆಮೇಲೆ ಅವಳೇ ಸ್ಕ್ಯಾನರಿನ ಹೊಟ್ಟೆಯನ್ನು ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮುಚ್ಚಿದಳು. ಫೋಟೋ ಹಾಕಿದರೆ ಚೀಂಯ್ ಎಂದು ಹೋಗಿ ಚೀಂಯ್ ಎಂದು ಬಂತು. ಯಾರ ಕತ್ತಿನ ಮೇಲೂ ಗೆರೆಯಿಲ್ಲ. ಮಾರಕ್ಕಜ್ಜಿ ಪರದೆಯ ಮೇಲೆ ಹಣೆತುಂಬ ಕುಂಕುಮವಿಟ್ಟುಕೊಂಡು ನಿಂತಿದ್ದಳು. “ಹಿಂಗೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಡು. ನಡುಮನೇಲಿ ಹಾಕ್ತೀನಿ” ಎಂದರು ಮಾವ. “ಹೊಸ ಮಿಷಿನ್ನು ಗಿಷಿನ್ನು ಬ್ಯಾಡ. ಇದೇ ಇರ್ಲಿ.”

ಸೊಣ್ಣಪ್ಪನವರ ಕತ್ತಿನ ವಿಷಯ ಮೆಲ್ಲಗೆ ವಿಚಾರಿಸಿದೆ. ಟ್ರ್ಯಾಕ್ಟರಿನ ಪೂಜೆಯ ಹಾರ ತೆಗೆಯಲು ಹತ್ತಿ ಜಾರಿ ಉಳುಕಿಸಿಕೊಂಡಿದ್ದರಂತೆ, ಈಗ ಸರಿಹೋಗಿದೆಯಂತೆ. ಅತ್ತೆಗೆ ಬರೀ ನೆಗಡಿ. ಹೋದ ಜೀವ ಬಂದಂತಾಯಿತು. ಜೀವ ಬಂದ ಕೂಡಲೇ, ನನ್ನ ಹಾಳು ಅಭ್ಯಾಸ, ಜಂಬವೂ ಬಂತು.

“ನೋಡಿದ್ಯಾ ಭಾನು? ಪ್ರತಿ ಯಂತ್ರದ ಬಾಯಿಗೂ ಶ್ರದ್ಧೆಯಿಂದ ಪೂಜೆ ಮಾಡಿದ್ದಕ್ಕೇ ಇದೆಲ್ಲ ಆಗಿದ್ದು.”

“ಪ್ರತಿ ಯಂತ್ರದ ಬಾಯಿಗೂ?” ಎಂದಳು ಭಾನು. ಅವಳ ದೃಷ್ಟಿ ನನ್ನ ಕಾಲರಿನಿಂದ ಇಣುಕುತ್ತಿದ್ದ ಗುಲಾಬಿ ಬನಿಯನ್ನಿನ ಮೇಲೆ ನಿಂತಿತು. ಎದ್ದು ಬಚ್ಚಲಮನೆಗೆ ಹೋದಳು. ವಾಷಿಂಗ್ ಮಿಷಿನ್ನಿನ ಸೋಪಿನ ತಟ್ಟೆ ಎಳೆದ ಸದ್ದು ಕೇಳಿಸಿತು.

“ರೀ, ಒಂದ್ ನಿಮಿಷ ಬನ್ನಿ ಇಲ್ಲಿ.”

ಮುಂದೂಡಿದ್ದ ವಿಚಾರಣೆ, ಸೋಪಿನ ತಟ್ಟೆಯ ತಳದಲ್ಲಿದ್ದ ಕುಂಕುಮದ ಸಾಕ್ಷಿಯೊಂದಿಗೆ, ಅಲ್ಲೇ ನಡೆದು, ತೀರ್ಪೂ ಅಲ್ಲೇ ಬಂತು. ಸ್ವಲ್ಪ ಹೊತ್ತಿಗೆಲ್ಲ ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ನನ್ನ ಬನಿಯನ್ನುಗಳನ್ನು ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆಯುತ್ತಿದ್ದೆ. ಮಾವ ಕುರ್ಚಿ ಹಾಕಿಸಿಕೊಂಡು ಚಕ್ಕೋತ ಸುಲಿಯುತ್ತಾ ನೋಡುತ್ತಿದ್ದರು. ಅವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು.

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೆ. ಮುಂದಿನ ವರ್ಷ ಆಯುಧಪೂಜೆಗೂ ಆವತಿಗೇ ಬಂದ್ಬಿಡಿ. ನಿಮ್ಮ ಕೈಯಲ್ಲೇ ಪೂಜೆ ಮಾಡಿಸ್ತೀನಿ.”

ನನ್ನ ಎದೆ ಉಬ್ಬಿತು. ಜೀವಮಾನದಲ್ಲಿ ಮೊದಲ ಸಲ ಮಾವ ನನ್ನನ್ನು ನಂಬಿ ಒಂದು ಕೆಲಸ ಒಪ್ಪಿಸಿದ್ದರು. ಆಗ ಬಟ್ಟೆ ಹರವುತ್ತಿದ್ದ ಭಾನು ತಿರುಗಿಯೂ ನೋಡದೆ ಹೇಳಿದಳು.

“ಅಪ್ಪಾ, ತೋಟದಲ್ಲಿರೋ ಬೋರ್‌ವೆಲ್‌ಗೂ ಬಾಯಿ ಇದೆ.”

ಮಾವನ ಕೈಯಲ್ಲಿದ್ದ ಚಕ್ಕೋತದ ತೊಳೆ ಅಲ್ಲೇ ನಿಂತಿತು. ಇಷ್ಟು ವರ್ಷ ಅವರನ್ನು ಕಂಡರೆ ನಾನು ನಡುಗುತ್ತಿದ್ದೆ. ಅಂದು ಮೊದಲ ಬಾರಿಗೆ, ನನ್ನನ್ನು ನೋಡಿದ ಅವರ ಕಣ್ಣಿನಲ್ಲಿ ಭಯ ಕಂಡಿತು.

“ಬ್ಯಾಡ ಬಿಡಪ್ಪಾ” ಎಂದರು. “ನೀವು ಊಟದ ಹೊತ್ತಿಗೆ ಬನ್ನಿ, ಸಾಕು.”